ಅವ್ವ ನೋಡಿದ ಕಂಠೀರವ

ಮೈಸೂರು ಸೀಮೆಯಲ್ಲಿ ಕಂಠೀರವ ಎಂಬ ಹೆಸರು ಕೇಳದ ಕಿವಿ ಇಲ್ಲ. ಬೆಂಗಳೂರಿನಲ್ಲಿ ಆ ಹೆಸರಿನ ಕ್ರೀಡಾಂಗಣವಿದೆ, ಸ್ಟುಡಿಯೋ ಇದೆ. ದಸರಾ ಕುಸ್ತಿಯಲ್ಲಿ ಗೆದ್ದ ಪೈಲ್ವಾನರಿಗೆ ಕೊಡುವ ಬಿರುದುಗಳಲ್ಲಿ ‘ದಸರಾ ಕಂಠೀರವ’ ಒಂದು. ಹುಣಸೂರು ತಾಲ್ಲೂಕಿನ ಶಾಲೆಗಳಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಾಗ, ಈ ಕಂಠೀರವ ಯಾರು ಅಂತ ಮಕ್ಕಳನ್ನು ಕೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ತಪ್ಪದೆ ಬರುತ್ತಿದ್ದ ಉತ್ತರ: ‘ರಾಜ್‌ಕುಮಾರ್, ಮಿಸ್!’

ಆ ಉತ್ತರವನ್ನು ನಾನು ಯಾವತ್ತೂ ತಳ್ಳಿಹಾಕಲಿಲ್ಲ. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರ ಕಲ್ಲಿನ ವಿಗ್ರಹ ಅಲ್ಲಿನ ನರಸಿಂಹಸ್ವಾಮಿ ದೇವಸ್ಥಾನದಲ್ಲಿದೆ. ಆ ದೇವಸ್ಥಾನ ಕಟ್ಟಿಸಿದವರೂ ಅವರೇ. ಆದರೆ ಅಲ್ಲಿಗೆ ಹೋಗಿ ಆ ಮುಖ ನೋಡಿ ಬಂದವರು ನಮ್ಮೂರಲ್ಲಿ ಎಷ್ಟು ಜನ? 1960ರಲ್ಲಿ ತೆರೆಗೆ ಬಂದ ‘ರಣಧೀರ ಕಂಠೀರವ’ದ ಮುಖವನ್ನಂತೂ ಎಲ್ಲರೂ ನೋಡಿದ್ದಾರೆ. ಮುನ್ನೂರು ವರ್ಷದ ಹಿಂದಿನ ಅರಸನೊಬ್ಬ ಜನರ ಮನಸ್ಸಿನೊಳಕ್ಕೆ ಬಂದದ್ದು ಟೆಂಟ್ ಸಿನಿಮಾದ ಬಾಗಿಲಿನಿಂದ. ಹಾಗೆ ಬಂದಾಗ ಅವನ ಕಥೆಯಲ್ಲಿ ಏನು ಒಳಕ್ಕೆ ಬಂತು, ಏನು ಹೊರಗೇ ಉಳಿಯಿತು ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡಿದೆ. ಕಾರಣ ಇಷ್ಟೆ: ನನ್ನದು ಕಟ್ಟೆಮಳಲವಾಡಿ, ನಮ್ಮವ್ವನ ತವರು ಪಿರಿಯಾಪಟ್ಟಣ. ಅದು ಕಂಠೀರವನ ಸೈನ್ಯ ಮುತ್ತಿ ಗೆದ್ದ ಊರು.

ಮೊದಲು ಸಿನಿಮಾದ ಕಥೆ ಹೇಳಿಬಿಡುತ್ತೇನೆ. ಐವತ್ತರ ದಶಕದ ಕೊನೆಯಲ್ಲಿ ಕನ್ನಡ ಚಿತ್ರ ತೆಗೆಯುವವರೇ ಕಡಿಮೆಯಾಗಿದ್ದರು. ಚಿತ್ರಮಂದಿರಗಳಲ್ಲಿ ತಮಿಳು, ತೆಲುಗು, ಹಿಂದಿ ಚಿತ್ರಗಳದ್ದೇ ಕಾರುಬಾರು. ಸ್ಟುಡಿಯೋಗಳೂ ಬಹುಪಾಲು ಮದರಾಸಿನಲ್ಲೇ ಇದ್ದವು. ಕೆಲಸವಿಲ್ಲದ ಕಲಾವಿದರು ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿಕೊಂಡರು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲ ಗಾಡಿ ಹತ್ತಿ ಉತ್ತರ ಕರ್ನಾಟಕದ ಊರೂರಿಗೆ ಹೋಗಿ ನಾಟಕ ಆಡಿದರು. ಹಾಗೆ ಜೀವ ಹಿಡಿದುಕೊಂಡ ಸಂಘವೇ ನಿರ್ಮಾಪಕನಾಗಿ ನಿಂತು ತೆಗೆದ ಚಿತ್ರ ‘ರಣಧೀರ ಕಂಠೀರವ’. ಬರೆದವರು ಅಯ್ಯರ್, ನಿರ್ದೇಶನ ಎನ್.ಸಿ. ರಾಜನ್, ಸಂಗೀತ ಜಿ.ಕೆ. ವೆಂಕಟೇಶ್. ಇದು ಸಾಹುಕಾರನೊಬ್ಬನ ದುಡ್ಡಿನಿಂದ ಹುಟ್ಟಿದ ಚಿತ್ರವಲ್ಲ, ಅನ್ನಕ್ಕಾಗಿ ಒಂದಾದ ನಟರ ಬೆವರಿನ ಚಿತ್ರ. ಅದಕ್ಕೇ ಅದರ ಬಗ್ಗೆ ನನಗೆ ಗೌರವ ಒಂದು ಹಿಡಿ ಜಾಸ್ತಿ.

ಕಥೆಯ ಹುರಿ ಅರಮನೆಯ ರಾಜಕೀಯ. ಮೈಸೂರಿನ ಗಾದಿಯ ಮೇಲಿದ್ದ ಇಮ್ಮಡಿ ರಾಜ ಒಡೆಯರು ಪಟ್ಟಕ್ಕೆ ಬಂದ ವರ್ಷದೊಳಗೇ ತೀರಿಕೊಂಡರು. ವಿಷ ಹಾಕಿಸಿದವನು ದಳವಾಯಿ ವಿಕ್ರಮರಾಯ ಅನ್ನುತ್ತದೆ ಇತಿಹಾಸ. ಅರಸು ಹೆಸರಿಗೆ, ಅಧಿಕಾರ ದಳವಾಯಿಗೆ. ಹಾಗಿದ್ದ ಕಾಲದಲ್ಲಿ ತೆರಕಣಾಂಬಿಯಿಂದ ಬಂದ ಇಪ್ಪತ್ತು ದಾಟಿದ ಯುವಕ ಕಂಠೀರವ. ಅವನ ಮೈಕಟ್ಟು, ಅವನ ಕುಸ್ತಿ, ತಿರುಚಿನಾಪಳ್ಳಿಗೆ ವೇಷ ಮರೆಸಿಕೊಂಡು ಹೋಗಿ ಅಲ್ಲಿನ ಜಟ್ಟಿಯನ್ನು ಕೆಡವಿದ ಐತಿಹ್ಯ, ಬಂದು ದಳವಾಯಿಯ ಸಂಚು ಮುರಿದದ್ದು. ಸಿನಿಮಾಕ್ಕೆ ಇದಕ್ಕಿಂತ ಒಳ್ಳೆ ಸಾಮಗ್ರಿ ಎಲ್ಲಿ ಸಿಗಬೇಕು? ಪಟ್ಟಕ್ಕೆ ಬಂದ ಹೊಸದರಲ್ಲೇ, 1639ರ ಮೊದಲಿಗೆ, ಬಿಜಾಪುರದ ರಣದುಲ್ಲಾ ಖಾನನ ದಂಡು ಶ್ರೀರಂಗಪಟ್ಟಣವನ್ನು ಮುತ್ತಿತು. ಆ ದಂಡನ್ನು ಹಿಮ್ಮೆಟ್ಟಿಸಿದ ಮೇಲೆ ಕಂಠೀರವನ ಹೆಸರು ಸುತ್ತಮುತ್ತ ಹಬ್ಬಿತು. ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಇಟ್ಟು ತನ್ನ ಹೆಸರಿನ ಚಿನ್ನದ ಹಣ ಹೊಡೆಸಿದ. ಆ ‘ಕಂಠೀರಾಯಿ’ ಹಣ ಅವನು ಹೋದ ಮೇಲೂ ತಲೆಮಾರುಗಟ್ಟಲೆ ಲೆಕ್ಕದಲ್ಲಿ ನಡೆಯಿತು.

ನಮ್ಮೂರಿಗೆ ಆ ಸಿನಿಮಾ ಬಂದದ್ದು ಪಟ್ಟಣದಲ್ಲಿ ಓಡಿ ಹಳೆಯದಾದ ಮೇಲೆ, ಅರವತ್ತರ ದಶಕದ ಮಧ್ಯದಲ್ಲಿ. ಆಗ ಹೊಗೆಸೊಪ್ಪು ಈಗಿನಷ್ಟು ಹರಡಿರಲಿಲ್ಲ. ಕಟ್ಟೆಮಳಲವಾಡಿ ಅಂದರೆ ತಂಬಾಕು ಹರಾಜು ಮಾರುಕಟ್ಟೆ ಅಂತ ಪೇಪರು ಓದುವವರೆಲ್ಲ ಈಗ ಹೇಳುತ್ತಾರೆ. ಆಗ ನಮ್ಮೂರು ಅಂದರೆ ಲಕ್ಷ್ಮಣತೀರ್ಥದ ಕಟ್ಟೆ, ಕಟ್ಟೆಯ ನಾಲೆ, ನಾಲೆಯ ಕೆಳಗಿನ ಭತ್ತ. ಸುಗ್ಗಿ ಮುಗಿದು ಕಣದ ಕೆಲಸ ತೀರಿ, ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಟೆಂಟ್ ಬರುತ್ತಿತ್ತು. ಎತ್ತಿನ ಗಾಡಿಯ ಎರಡು ಮಗ್ಗುಲಿಗೂ ಪೋಸ್ಟರ್ ಕಟ್ಟಿ, ಮುಂದೆ ತಮಟೆ ಬಡಿಸುತ್ತ ಸಾರಿಕೊಂಡು ಹೋಗುವರು. ಗಾಡಿಯ ಹಿಂದೆ ನಾವು, ಕೆಂಪು ಹಳದಿ ಹ್ಯಾಂಡ್‌ಬಿಲ್ಲಿಗೆ ಕೈಚಾಚಿಕೊಂಡು. ಹೊತ್ತು ಮುಳುಗಿ ಘಂಟಸಾಲ ಹಾಡಿದ ವೆಂಕಟೇಶ್ವರನ ಹಾಡು ಧ್ವನಿವರ್ಧಕದಲ್ಲಿ ಎದ್ದಿತೆಂದರೆ ಟಿಕೆಟ್ ಕೊಡಲು ಶುರುಮಾಡಿದರು ಅಂತ ಅರ್ಥ. ಆ ಹಾಡು ಕೇಳಿದ ಹೆಂಗಸರು ಒಲೆಯ ಮೇಲಿನ ಮುದ್ದೆಯನ್ನು ಎರಡು ತಿರುವು ಕಮ್ಮಿ ತಿರುವಿ ಇಳಿಸುತ್ತಿದ್ದರು.

ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನೆಲ ಅಂದರೆ ಮರಳು. ಮರಳನ್ನು ಗುಡ್ಡೆಮಾಡಿಕೊಂಡು ಎತ್ತರ ಕೂರುವುದು, ಹಿಂದಿನವರು ಬೈದರೆ ಸ್ವಲ್ಪ ಕುಗ್ಗುವುದು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಮೊದಲು ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ, ಆಮೇಲೆ ಕಥೆ. ಇರುವುದು ಒಂದೇ ಪ್ರೊಜೆಕ್ಟರ್, ಆದ್ದರಿಂದ ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು. ಈಗಿನವರಿಗೆ ಅದು ಅಡಚಣೆ ಅನ್ನಿಸಬಹುದು. ಆ ಸಿನಿಮಾ ಜನರ ಮೇಲೆ ಕೆಲಸ ಮಾಡಿದ್ದು ಅರ್ಧಪಾಲು ಆ ಬಿಡುವುಗಳಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ನೋಡಿದ್ದನ್ನು ಅಲ್ಲೇ, ಬಿಸಿಬಿಸಿಯಾಗಿ, ಪಕ್ಕದವರ ಜೊತೆ ಮಾತಾಡಿ ಮುಗಿಸಲು ಜನಕ್ಕೆ ಜಾಗ ಇತ್ತು. ವಿಕ್ರಮರಾಯನ ಸಂಚು ಬಯಲಾಗುವ ಮುಂಚೆ ರೀಲು ನಿಂತರೆ, ಮುದುಕಿಯರು ಬಿಳಿ ಪರದೆಗೇ ಶಾಪ ಹಾಕುತ್ತಿದ್ದರು: ‘ನಿನ್ ಮನೆ ಹಾಳಾಗ, ಉಂಡ್ ಮನೆಗೆ ಎರಡ್ ಬಗೀತೀಯಲ್ಲೋ!’ ಗಂಡಸರ ಕಡೆಯಿಂದ ಕುಸ್ತಿಯ ಪಟ್ಟುಗಳ ಚರ್ಚೆ. ಗರಡಿಯಲ್ಲಿ ಮಣ್ಣು ತಿಂದವರು ಹೇಳುವುದು ಒಂದು, ತಿನ್ನದವರು ಹೇಳುವುದು ಇನ್ನೊಂದು.

ಅಂಥದೊಂದು ಬಿಡುವಿನಲ್ಲಿ ಅವ್ವ ನನ್ನ ಕಿವಿಯಲ್ಲಿ ಹೇಳಿದಳು, ‘ನಮ್ಮೂರ್ ಕೋಟೆ ಮುರ್ದೋನು ಕಣವ್ವ ಇವ್ನು.’

ಪಕ್ಕದಲ್ಲಿದ್ದ ಸೋದರತ್ತೆ ಬಿಡಲಿಲ್ಲ. ‘ಅಂಗಂದ್ರೆ ಯಾಕತ್ತಿಗೆ ಅಳ್ತಾ ಕೂತಿದ್ದೀಯೆ?’

‘ಅಳೋದು ರಾಜ್‌ಕುಮಾರನ್ನ ನೋಡಿ ಕಣಮ್ಮಿ. ಆ ಮಗೀನ ಮೇಲೆ ಕತ್ತಿ ಎತ್ತುದ್ರೆ ಅಳು ಬರ್ದೆ ಇದ್ದಾದಾ? ರಾಜನ ಸಮಾಚಾರ ಬ್ಯಾರೆ.’

ಸಿನಿಮಾ ನೋಡಿದವರ ಮೇಲೆ ಏನು ಪರಿಣಾಮ ಆಗುತ್ತದೆ ಎಂದು ದೊಡ್ಡ ದೊಡ್ಡ ಮಾತು ಓದಿದ್ದೇನೆ. ಅಕ್ಷರ ಬಾರದ ನಮ್ಮವ್ವ ಅವತ್ತು ಮರಳಿನ ಮೇಲೆ ಕೂತು ನಟನನ್ನೂ ಅರಸನನ್ನೂ ಎರಡು ಪಾಲು ಮಾಡಿಟ್ಟಳು. ಒಬ್ಬನಿಗೆ ಕಣ್ಣೀರು ಕೊಟ್ಟಳು, ಇನ್ನೊಬ್ಬನ ಲೆಕ್ಕ ಹಾಗೇ ಬಾಕಿ ಇಟ್ಟುಕೊಂಡಳು.

ಅವಳ ಲೆಕ್ಕ ಎಲ್ಲಿಂದ ಬಂತು ಅಂದರೆ, ಹಾಡಿನಿಂದ. ಪಿರಿಯಾಪಟ್ಟಣದ ಕಾಳಗ ಎಂಬ ಜನಪದ ಕಥೆ ನಮ್ಮ ಸೀಮೆಯ ಹಾಡುಗಾರರ ಬಾಯಲ್ಲಿ ಬಂದದ್ದು. ಅದರ ತುಣುಕುಗಳನ್ನು ಅವ್ವ ಹುಡುಗಿಯಾಗಿದ್ದಾಗ ಜಗಲಿಯಲ್ಲಿ ಕೇಳಿದ್ದಳು. ಪಿರಿಯಾಪಟ್ಟಣದ ಸೀಮೆಯನ್ನು ಆಳುತ್ತಿದ್ದವರು ಚಂಗಾಳ್ವರು. ಬೆಟ್ಟದಪುರದ ಮಲ್ಲಿಕಾರ್ಜುನ ಅವರ ಮನೆದೇವರು. ನಮ್ಮ ಹುಣಸೂರು ಸೀಮೆಯೂ ಅವರ ಚಂಗನಾಡಿಗೇ ಸೇರಿತ್ತು. ಹುಣಸೂರಿನ ಹತ್ತಿರದ ಕಲ್ಲಹಳ್ಳಿಯ ಮಂಗರಸ ಅಡುಗೆಯ ಶಾಸ್ತ್ರವಾದ ‘ಸೂಪಶಾಸ್ತ್ರ’ ಬರೆದವನು, 1508ರಲ್ಲಿ ‘ಜಯನೃಪಕಾವ್ಯ’ವನ್ನೂ ಬರೆದ. ಅವನ ಮನೆತನವೂ ಆ ಚಂಗಾಳ್ವರ ಆಶ್ರಯದ್ದು. ದೇವರಾಜ ಅರಸರು ಹುಟ್ಟಿದ್ದು ಅದೇ ಕಲ್ಲಹಳ್ಳಿಯಲ್ಲಿ. ಇದನ್ನು ಯಾಕೆ ಹೇಳಿದೆ ಅಂದರೆ, ಚಂಗಾಳ್ವರು ಎಲ್ಲೋ ಕಾಡಿನ ಅಂಚಿನ ಪಾಳೆಯಗಾರರು, ಬಿದ್ದರು ಹೋದರು ಅನ್ನುವಂಥವರಲ್ಲ. ಅಡುಗೆ, ಕಾವ್ಯ, ಕೆರೆಕಟ್ಟೆ ಎಲ್ಲ ಇದ್ದ ನಾಡು ಇದು.

ಮೈಸೂರಿನ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ಮೇಲೆ ಸುತ್ತಲಿನ ಒಂದೊಂದೇ ಸೀಮೆಯನ್ನು ಒಳಗೆ ಹಾಕಿಕೊಳ್ಳುತ್ತ ಬಂದರು. ಪಡುವಣಕ್ಕೆ ಅಡ್ಡ ನಿಂತದ್ದು ಪಿರಿಯಾಪಟ್ಟಣ. ಕೊಡಗಿನ ಬಾಗಿಲು ಅದು. ಕಂಠೀರವನ ಕಾಲದಲ್ಲಿ, 1644ರ ಸುಮಾರಿಗೆ, ಮೈಸೂರಿನ ದಂಡು ಕೋಟೆಗೆ ಮುತ್ತಿಗೆ ಹಾಕಿತು. ಒಳಗಿದ್ದವನು ವೀರರಾಜ. ಇನ್ನು ಕೋಟೆ ಉಳಿಯುವುದಿಲ್ಲ ಎಂದು ಖಾತ್ರಿಯಾದಾಗ ಅವನು ತನ್ನ ಹೆಂಡಿರು ಮಕ್ಕಳನ್ನು ತಾನೇ ಕಡಿದು, ಆಮೇಲೆ ಕತ್ತಿ ಹಿರಿದು ಹೊರಗೆ ನುಗ್ಗಿ ಸತ್ತ. ಹಳೆಯ ಗೆಜೆಟಿಯರಿನಲ್ಲಿ ಇದು ಒಂದೆರಡು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಚಂಗಾಳ್ವರ ಆಳ್ವಿಕೆಯೂ ಅಲ್ಲಿಗೆ ಮುಗಿಯಿತು.

ಇದಾದ ನಾಲ್ಕು ವರ್ಷಕ್ಕೆ, 1648ರಲ್ಲಿ, ಗೋವಿಂದವೈದ್ಯ ‘ಕಂಠೀರವ ನರಸರಾಜ ವಿಜಯ’ ಬರೆದ. ಸಾಂಗತ್ಯದಲ್ಲಿ ಬರೆದ ಕಾವ್ಯ. ಶ್ರೀರಂಗಪಟ್ಟಣದ ಬೀದಿ, ದಸರಾ ಒಡ್ಡೋಲಗ, ಜಟ್ಟಿ ಕಾಳಗ ಎಲ್ಲ ಕಣ್ಣಿಗೆ ಕಟ್ಟುವ ಹಾಗಿದೆ. ಆದರೆ ಅರಮನೆಯ ಕವಿ ಅರಮನೆಯ ಕಿಟಕಿಯಿಂದಲೇ ನೋಡುತ್ತಾನೆ. ಜನಪದದ ಹಾಡು ಕೋಟೆಯ ಒಳಗಿಂದ ನೋಡಿತು. ಒಂದೇ ಅರಸನ ಎರಡು ಕಥೆಗಳು ಹೀಗೆ ಮುನ್ನೂರು ವರ್ಷ ಅಕ್ಕಪಕ್ಕ ಬದುಕಿದವು. ಮೂರನೆಯದಾಗಿ ಸಿನಿಮಾ ಬಂತು.

ಸಿನಿಮಾದವರು ಕಂಠೀರವನ ಬದುಕಿನಿಂದ ತಿರುಚಿನಾಪಳ್ಳಿಯ ಕುಸ್ತಿಯನ್ನು ಆರಿಸಿಕೊಂಡರು, ಪಿರಿಯಾಪಟ್ಟಣವನ್ನಲ್ಲ. ಹಾಗೆ ಯಾಕೆ ಎಂದು ಯೋಚಿಸಿದಷ್ಟೂ ಆ ಕಾಲ ನನ್ನ ಕಣ್ಣಮುಂದೆ ಬರುತ್ತದೆ. 1956ರ ನವೆಂಬರ್ 1ಕ್ಕೆ ಕನ್ನಡ ಸೀಮೆಗಳೆಲ್ಲ ಒಂದಾಗಿದ್ದವು. ರಾಜ್ಯದ ಹೆಸರು ಇನ್ನೂ ಮೈಸೂರು. ‘ಕರ್ನಾಟಕ’ ಆಗಲು 1973 ಬರಬೇಕಿತ್ತು. ಬೀದರಿನವನಿಗೂ ಧಾರವಾಡದವನಿಗೂ ಮಂಗಳೂರಿನವನಿಗೂ ‘ಇವನು ನಮ್ಮವನು’ ಅನ್ನಿಸುವ ಒಬ್ಬ ವೀರ ಬೇಕಿದ್ದ. ಅತ್ತ ಚಿತ್ರಮಂದಿರಗಳಲ್ಲಿ ಕನ್ನಡಕ್ಕೇ ಜಾಗ ಇರಲಿಲ್ಲ. ಅಂಥ ಹೊತ್ತಿನಲ್ಲಿ ಕಾವೇರಿಯ ಕೆಳಗಿನ ನಾಡಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಮಣ್ಣು ಮುಕ್ಕಿಸಿ ಬಂದ ಕನ್ನಡಿಗನ ಕಥೆ ಎದೆ ತುಂಬಿಸುತ್ತಿತ್ತು. ಕನ್ನಡದ ಅರಸನೇ ಕನ್ನಡದ ಇನ್ನೊಂದು ಕೋಟೆ ಮುರಿದ ಕಥೆ ಯಾರ ಎದೆ ತುಂಬಿಸೀತು? ಅದನ್ನು ತೋರಿಸಿದ್ದರೆ ಇದು ನಾಡು ಕಟ್ಟುವ ಚಿತ್ರವಾಗುತ್ತಿರಲಿಲ್ಲ. ಕಲಾವಿದರು ಯಾರನ್ನೂ ವಂಚಿಸಲಿಲ್ಲ, ತಮ್ಮ ಕಾಲಕ್ಕೆ ಏನು ಬೇಕಿತ್ತೋ ಅದನ್ನು ಕೊಟ್ಟರು. ಚಿತ್ರ ಬಂದ ಎರಡು ವರ್ಷಕ್ಕೆ, 1962ರಲ್ಲಿ, ಡಬ್ಬಿಂಗ್ ವಿರುದ್ಧ ಅ.ನ.ಕೃ., ಮ. ರಾಮಮೂರ್ತಿ ಮುಂತಾದವರು ಚಳವಳಿ ಹೂಡಿದಾಗ ರಾಜ್‌ಕುಮಾರ್ ಕೂಡ ಜೊತೆಗಿದ್ದರು. 1970ರಲ್ಲಿ ‘ಶ್ರೀಕೃಷ್ಣದೇವರಾಯ’, 1975ರಲ್ಲಿ ‘ಮಯೂರ’. ಗೋಕಾಕ್ ಚಳವಳಿಯಲ್ಲಿ ಅವರು ವೇದಿಕೆ ಹತ್ತಿದಾಗ ಜನ ಅವರ ಮಾತನ್ನು ಕೇಳಿದ್ದು ಬರೀ ನಟನ ಮಾತು ಅಂತಲ್ಲ. ಕಂಠೀರವ, ಮಯೂರ ಇಬ್ಬರ ದನಿಯೂ ಅದರಲ್ಲಿ ಬೆರೆತಿತ್ತು.

ನಮ್ಮೂರ ಹುಡುಗರ ಮೇಲಾದ ಪರಿಣಾಮ ಇನ್ನೂ ನೇರ. ಟೆಂಟ್ ಕಿತ್ತುಕೊಂಡು ಹೋದ ಮೇಲೂ ಹೊಳೆಯ ಮರಳಿನಲ್ಲಿ ಕುಸ್ತಿ ನಿಲ್ಲಲಿಲ್ಲ. ಗರಡಿಮನೆಯ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುವ ಕೆಲಸಕ್ಕೆ ಕರೆಯದೆಯೇ ಹುಡುಗರು ಬಂದರು. ಕಂಠೀರವನ ಪಾತ್ರಕ್ಕೆ ಜಗಳ, ವಿಕ್ರಮರಾಯ ಆಗಲು ಯಾರೂ ಒಪ್ಪುತ್ತಿರಲಿಲ್ಲ. ವೀರರಾಜ ಎಂಬ ಒಬ್ಬ ಇದ್ದನೆಂಬುದೇ ಅವರಿಗೆ ಗೊತ್ತಿರಲಿಲ್ಲ. ಅವರೆಲ್ಲ ಚಂಗಾಳ್ವರ ನೆಲದಲ್ಲೇ ಹುಟ್ಟಿದ ಮಕ್ಕಳು.

ಇನ್ನೊಂದು ವಿಷಯ. ಯುದ್ಧ ಅಂದರೆ ಕುದುರೆ, ಕತ್ತಿ, ಕಹಳೆ ಅಂತ ನಮಗೆ ಕಲಿಸಿದ್ದೂ ಸಿನಿಮಾವೇ. ಹುಣಸೂರಿನ ಯುದ್ಧದ ಇತಿಹಾಸದಲ್ಲಿ ಇರುವುದು ಎತ್ತು. ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯ ದನಗಳಾಗಿದ್ದವು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದವು. ಫಿರಂಗಿ ಎಳೆಯಲು, ದಂಡಿನ ಹಿಂದೆ ದವಸ ಸಾಗಿಸಲು ಆ ತಳಿಯ ಎತ್ತನ್ನು ಮೀರಿಸಿದ್ದು ಇರಲಿಲ್ಲ. 1799ರ ನಂತರ ಇಂಗ್ಲಿಷರು ಬಿಡದೆ ಹಿಡಿದುಕೊಂಡ ಸೊತ್ತುಗಳಲ್ಲಿ ಈ ದನಗಳೂ ಸೇರಿದ್ದವು. ಆ ಇಲಾಖೆಯ ಕೇಂದ್ರ ಹುಣಸೂರು. ಜೊತೆಗೆ ದಂಡಿಗೆ ಬೇಕಾದ ಚರ್ಮ ಹದ ಮಾಡುವ, ಕಂಬಳಿ ನೇಯುವ, ಗಾಡಿ ಕಟ್ಟುವ ಕಾರ್ಖಾನೆಗಳೂ ಇಲ್ಲಿ ನಡೆದವು. ಅಂದರೆ ನಮ್ಮ ತಾತ ಮುತ್ತಾತಂದಿರು ಯುದ್ಧವನ್ನು ಕಂಡದ್ದು ನೊಗದ ಹಿಂದಿನಿಂದ. ಕೀಲೆಣ್ಣೆ ಹಾಕಿದ, ಹೊರೆ ಏರಿಸಿದ, ದೂರದ ಮುತ್ತಿಗೆಗೆ ಗಾಡಿ ಹೊಡೆದುಕೊಂಡು ಹೋದ ಆ ಜನರ ಮೇಲೆ ಇದುವರೆಗೆ ಒಂದು ಸಿನಿಮಾ ಬಂದಿಲ್ಲ. ನನಗೆ ಅದೊಂದು ದೊಡ್ಡ ಕೊರತೆಯಾಗಿಯೇ ಕಾಣುತ್ತದೆ.

1965ರ ಯುದ್ಧ ಬಂದಾಗ ಟೆಂಟಿನ ವಾರ್ತಾಚಿತ್ರಕ್ಕೆ ಜನ ಕಥೆಗಿಂತ ಹೆಚ್ಚು ಗಮನ ಕೊಟ್ಟರು. ಪಿರಿಯಾಪಟ್ಟಣದ ಆಚೆಯ ಕೊಡಗಿನಿಂದ ಮನೆಗೊಬ್ಬರಂತೆ ಸೈನ್ಯದಲ್ಲಿದ್ದರು. ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಓಡಿಸುತ್ತಿದ್ದ ವಿಮಾನ ಬಿದ್ದು ಅವರು ಪಾಕಿಸ್ತಾನದ ಸೆರೆಯಾದ ಸುದ್ದಿ ನಮ್ಮ ಕಡೆಯ ಸಂತೆಗಳಲ್ಲೆಲ್ಲ ಮಾತಾಯಿತು. ಆ ಯುದ್ಧದಲ್ಲೇ ಸರಗೋಧಾ ದಾಳಿಗೆ ಹೋದ ಅಜ್ಜಮಾಡ ದೇವಯ್ಯ ಹಿಂದಿರುಗಲಿಲ್ಲ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಪರದೆಯ ಮೇಲೆ ಕಂಠೀರವ ಗೆದ್ದು ಬಂದಾಗ ಕೂಗಿದ ಜನವೇ ವಾರ್ತಾಚಿತ್ರದ ಮುಂದೆ ಮಾತಿಲ್ಲದೆ ಕೂತರು. ಯಾರ ಮನೆಯ ಮಗ ಕಾಣಿಸಿಯಾನೋ ಎಂದು ಹುಡುಕಿದರು.

ಆ ಹುಡುಕಾಟಕ್ಕೆ ಕಥೆಯ ರೂಪ ಸಿಕ್ಕಿದ್ದು 1990ರಲ್ಲಿ, ‘ಮುತ್ತಿನ ಹಾರ’ದಲ್ಲಿ. ನಿರ್ದೇಶಿಸಿದ ರಾಜೇಂದ್ರಸಿಂಗ್ ಬಾಬು ಮೈಸೂರಿನ ಮಹಾತ್ಮ ಪಿಕ್ಚರ್ಸ್‌ನ ಶಂಕರ್‌ಸಿಂಗ್ ಅವರ ಮಗ. ಕೊಡಗಿನ ಸೈನಿಕನಾಗಿ ವಿಷ್ಣುವರ್ಧನ್, ಅವನ ಹೆಂಡತಿಯಾಗಿ ಸುಹಾಸಿನಿ. ಬಾಲಮುರಳಿಕೃಷ್ಣ ಹಾಡಿದ್ದಾರೆ. ಕನ್ನಡದಲ್ಲಿ ಯುದ್ಧದ ಚಿತ್ರವೊಂದು ಗೆದ್ದವನ ಬದಲು ಕಳೆದುಕೊಂಡವರನ್ನು ನಡುವೆ ಕೂರಿಸಿದ್ದು ನನ್ನ ತಿಳಿವಳಿಕೆಯ ಮಟ್ಟಿಗೆ ಇಲ್ಲೇ. ಅಷ್ಟು ಹೊತ್ತಿಗೆ ಅವ್ವನಿಗೆ ಕಣ್ಣು ಮಂಜಾಗಿತ್ತು. ಹುಣಸೂರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಈ ಸಲ ಅಳು ಬಂದಾಗ ಅವಳು ನಟನನ್ನೂ ಸೈನಿಕನನ್ನೂ ಬೇರೆ ಮಾಡಲಿಲ್ಲ. ‘ಎಲ್ಲಾ ಕಾಲ್ದಲ್ಲೂ ಹೆಂಗುಸ್ರಿಗೆ ಉಳಿಯೋದು ಇಷ್ಟೆಯಾ’ ಅಂದಳು. ದಾರಿಯುದ್ದಕ್ಕೂ ಅವಳು ಮಾತಾಡಿದ್ದು ವಿಷ್ಣುವರ್ಧನ್ ವಿಷಯ ಅಲ್ಲ, ಪಿರಿಯಾಪಟ್ಟಣದ ಕೋಟೆಯ ವಿಷಯ.

ಇತಿಹಾಸವನ್ನು ತೆರೆಗೆ ತರುವುದು ಸುಲಭದ ಮಾತಲ್ಲ ಎಂಬುದೂ ನನಗೆ ಗೊತ್ತಿದೆ. 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣ ನಡೆಯುವಾಗ ಬೆಂಕಿ ಬಿದ್ದು 62 ಜನ ಸತ್ತರು. ಟಿಪ್ಪುವಿನ ಪಾತ್ರ ಮಾಡುತ್ತಿದ್ದ ಸಂಜಯ್ ಖಾನ್ ಮೈಯೆಲ್ಲ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಮರುವರ್ಷ ಅದು ದೂರದರ್ಶನದಲ್ಲಿ ಬರುವಾಗ, ಇದು ಇತಿಹಾಸವಲ್ಲ, ಕಾದಂಬರಿಯ ಕಥೆ ಎಂಬ ಸೂಚನೆ ಹಾಕಬೇಕಾಯಿತು. ಸೂಚನೆಯನ್ನು ಓದಿದವರು ಯಾರು? ನೋಡಿದವರ ಮನಸ್ಸಿನಲ್ಲಿ ಟಿಪ್ಪುವಿನ ಮುಖ ಅಂದಿನಿಂದ ಸಂಜಯ್ ಖಾನರ ಮುಖವೇ. ಟಿವಿ ಇದ್ದ ಒಂದೇ ಮನೆಯ ಮುಂದೆ ಬೀದಿಯವರೆಲ್ಲ ಸೇರುತ್ತಿದ್ದರು. ಆದರೆ ನಡುವೆ ರೀಲು ಬದಲಾಗುವ ಬಿಡುವು ಇರಲಿಲ್ಲ, ‘ರಾಜನ ಸಮಾಚಾರ ಬ್ಯಾರೆ’ ಅಂತ ಯಾರಾದರೂ ಹೇಳುವಷ್ಟು ಸಮಯವೂ ಇರಲಿಲ್ಲ.

ಪಾಠ ಮಾಡುವಾಗ ನಾನು ‘ರಣಧೀರ ಕಂಠೀರವ’ವನ್ನು ಬಿಡಲಿಲ್ಲ. ಮಕ್ಕಳು ಅದರ ಕಥೆ ಹೇಳಿದ ಮೇಲೆ ಪಿರಿಯಾಪಟ್ಟಣದ ಕಥೆ ನಾನು ಹೇಳುತ್ತಿದ್ದೆ. ಕಂಠೀರವ ಕೆಟ್ಟವನೇ ಮಿಸ್ ಎಂದು ಕೇಳುವರು. ಟಂಕಸಾಲೆ ಇಟ್ಟವನು, ಬಿಜಾಪುರದ ದಂಡನ್ನು ತಡೆದವನು, ಪಿರಿಯಾಪಟ್ಟಣವನ್ನು ಮುರಿದವನು ಮೂವರೂ ಒಬ್ಬನೇ ಅಂತ ಹೇಳಿ, ಉಳಿದದ್ದನ್ನು ಅವರಿಗೇ ಬಿಡುತ್ತಿದ್ದೆ. ಒಂದು ಸಲ ಒಬ್ಬ ಹುಡುಗಿ ಎದ್ದು, ‘ವೀರರಾಜನ ಹೆಂಡ್ತೀರ ಹೆಸರೇನು ಮಿಸ್?’ ಅಂದಳು. ಗೆಜೆಟಿಯರಿನ ಆ ಒಂದೆರಡು ವಾಕ್ಯದಲ್ಲಿ ಅವರ ಹೆಸರಿಲ್ಲ. ಅವ್ವನ ಬಾಯಿಂದಲೂ ನಾನು ಕೇಳಿರಲಿಲ್ಲ.

ಈಗ ಐತಿಹಾಸಿಕ ಚಿತ್ರಗಳಿಗೆ ಮತ್ತೆ ಕಾಲ ಬಂದಿದೆ. ಸೋತ ಅರಸರ ಮೇಲೂ ಕೋಟಿಗಟ್ಟಲೆ ಸುರಿದು ಚಿತ್ರ ತೆಗೆಯುತ್ತಾರೆ. ವೀರರಾಜನ ಕಥೆಯೂ ಒಂದು ದಿನ ಯಾರ ಕಣ್ಣಿಗಾದರೂ ಬೀಳುತ್ತದೆ. ಅವನನ್ನು ಹೊಗಳುವುದು ಬಹಳ ಸುಲಭ: ಮಾನ ಕಾಪಾಡಲು ಮನೆಯವರನ್ನು ಕಡಿದ ಧೀರ ಎಂದು ಸಂಗೀತ ಏರಿಸಿದರೆ ಆಯಿತು, ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಹಾಗೆ ಮಾಡಬೇಡಿ ಎಂದು ಈಗಲೇ ಕೇಳಿಕೊಳ್ಳುತ್ತೇನೆ. ಆ ಕೋಟೆಯ ಒಳಗೆ ಕೊನೆಯ ದಿನ ಹೆಂಗಸರು ಏನು ಮಾತಾಡಿಕೊಂಡರು, ಮಕ್ಕಳಿಗೆ ಏನು ಹೇಳಿದರು, ಅವರನ್ನು ಯಾರಾದರೂ ಒಂದು ಮಾತು ಕೇಳಿದರೇ ಎಂಬಲ್ಲಿಂದ ಚಿತ್ರ ಶುರುವಾಗಲಿ. ಹೊರಗೆ ಮೈಸೂರಿನ ದಂಡಿನ ಗಾಡಿ ಹೊಡೆದುಕೊಂಡು ಬಂದವನೂ ಅದರಲ್ಲಿ ಇರಲಿ. ಅವರಿಗೆಲ್ಲ ಒಂದೊಂದು ಹೆಸರಿಡಿ.